ಮಳೆ ಬಿಟ್ಟ ಮೇಲೆ ಕಾರವಾರ, ಶಿರಸಿ: ಹಬ್ಬ, ಊಟ, ಪಾನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೌತಿ ಮುಗಿಯುವ ಹೊತ್ತಿಗೆ ಹೊರ ಊರಿನ ಗೆಳೆಯರು, ಅವರ ಗೆಳೆಯರು, ಒಮ್ಮೆ ಬಂದು ಹೋದವರು ವಿಚಾರಿಸಲು ಶುರು ಮಾಡುತ್ತಾರೆ. ಯಾವಾಗ ಬರಬೇಕು, ಏನು ತಿನ್ನಬೇಕು, ಯಾವ ಹಬ್ಬ ನೋಡಬೇಕು ಎಂದು. ಈಚೆಗೆ ಬಿಯರ್ ಮೇಳದ ಬಗ್ಗೆಯೂ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಉತ್ತರಿಸಿದ್ದೇನೆ.

## ಹೊರಡುವ ಮೊದಲು

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಿಮ್ಮ ಕಡೆ ಯಾವ ಯಾವ ಹಬ್ಬ ಇರುತ್ತವೆ?

ಪಿತೃಪಕ್ಷ ಕಳೆದು ನವರಾತ್ರಿ ಕೂರುವುದರಿಂದ ಲೆಕ್ಕ ಹಿಡಿಯಿರಿ. ಆ ಒಂಬತ್ತು ದಿನಗಳಲ್ಲಿ ದೇವಸ್ಥಾನಗಳಲ್ಲಿ ಪೂಜೆ, ಭಜನೆ, ಅನ್ನಸಂತರ್ಪಣೆ ನಡೆಯುತ್ತವೆ. ಗದ್ದೆಯಿರುವ ಮನೆಗಳಲ್ಲಿ ಇದೇ ಆಸುಪಾಸಿನಲ್ಲಿ ಹೊಸ್ತು: ಮೊದಲ ಕದಿರನ್ನು ಮನೆಗೆ ತಂದು ಪೂಜಿಸಿ, ಬಾಗಿಲಿಗೆ, ಕಂಬಕ್ಕೆ, ಭತ್ತದ ಕಣಜಕ್ಕೆ ಕಟ್ಟಿ, ಹೊಸ ಅಕ್ಕಿಯ ನಾಲ್ಕು ಕಾಳನ್ನು ಪಾಯಸಕ್ಕೆ ಸೇರಿಸಿ ಉಣ್ಣುವ ಹಬ್ಬ. ವಿಜಯದಶಮಿಯ ನಂತರದ ಹುಣ್ಣಿಮೆಯೇ ಭೂಮಿ ಹುಣ್ಣಿಮೆ. ಇದನ್ನು ಸೀಗೆ ಹುಣ್ಣಿಮೆ ಎಂದೂ ಕರೆಯುತ್ತಾರೆ. ಅಲ್ಲಿಂದ ಎರಡು ವಾರಕ್ಕೆ ದೀಪಾವಳಿ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಅನೇಕರಿಗೆ ದೊಡ್ಡಹಬ್ಬ ಎಂದರೆ ಇದೇ. ಆಮೇಲೆ ಕಾರ್ತಿಕ ಶುದ್ಧ ದ್ವಾದಶಿಯ ತುಳಸಿ ಮದುವೆ, ಕಾರ್ತಿಕ ಮಾಸ ಪೂರ್ತಿ ದೀಪೋತ್ಸವ, ಗೌಡಸಾರಸ್ವತರ ದೇವಸ್ಥಾನಗಳಲ್ಲಿ ವನಭೋಜನ.

ಈ ಹಬ್ಬಗಳಲ್ಲಿ ಹೆಚ್ಚಿನವಕ್ಕೆ ಮೈದಾನವಿಲ್ಲ, ಟಿಕೆಟ್ ಇಲ್ಲ, ವೇದಿಕೆಯಿಲ್ಲ. ಅವು ಮನೆಯಂಗಳದಲ್ಲಿ, ಕೊಟ್ಟಿಗೆಯಲ್ಲಿ, ಗದ್ದೆಯಲ್ಲಿ ನಡೆಯುತ್ತವೆ. ಇದನ್ನು ತಿಳಿದು ಬಂದವರಿಗೆ ನಿರಾಸೆಯಾಗುವುದಿಲ್ಲ.

ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ರಜೆ ಹಾಕುವುದು ಹೇಗೆ?

ಪಂಚಾಂಗ ನೋಡಿ ಹಾಕಿ, ಹಿಂದಿನ ವರ್ಷದ ದಿನಾಂಕ ನಂಬಬೇಡಿ. ಚಾಂದ್ರಮಾನದ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಹಬ್ಬ ವರ್ಷ ವರ್ಷವೂ ಹಿಂದೆ ಸರಿಯುತ್ತ ಹೋಗುತ್ತದೆ, ಅಧಿಕ ಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಬಂದಿತ್ತು. 2026ರಲ್ಲಿ ಜ್ಯೇಷ್ಠ ಅಧಿಕವಾಗಿರುವುದರಿಂದ ಅದು ನವೆಂಬರ್ 8ಕ್ಕೆ ಬರುತ್ತದೆ. ಈ ಮೂರು ವಾರದ ವ್ಯತ್ಯಾಸ ಸಣ್ಣದಲ್ಲ. ದೀಪಾವಳಿ ಮುಂಚೆ ಬಂದರೆ ಅಂಗಳ ಇನ್ನೂ ಒದ್ದೆಯಿರುತ್ತದೆ, ಗದ್ದೆ ಹಸಿರಿರುತ್ತದೆ. ತಡವಾಗಿ ಬಂದರೆ ಕೊಯ್ಲು ಶುರುವಾಗಿ ಮನೆಮಂದಿಗೆಲ್ಲ ಕೈತುಂಬ ಕೆಲಸವಿರುತ್ತದೆ.

ರೈಲಿನಲ್ಲಿ ಬರುವವರು ತಿಥಿ ಗೊತ್ತಾದ ಕೂಡಲೇ ಟಿಕೆಟ್ ಕಾಯ್ದಿರಿಸಿ. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿಯಿಡೀ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಬ್ಬದ ವಾರದಲ್ಲಿ ಬಹುಬೇಗ ತುಂಬುತ್ತದೆ. ಶಿರಸಿಗೆ ರೈಲಿಲ್ಲ. ಕುಮಟಾ, ಹಾವೇರಿ ಅಥವಾ ತಾಳಗುಪ್ಪದಲ್ಲಿ ಇಳಿದು ಬಸ್ ಹಿಡಿಯಬೇಕು.

ಅಷ್ಟು ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುತ್ತದೆಯೇ?

ಇಲ್ಲ. ಮುಂಗಾರು ಹಿಂದೆ ಸರಿಯುವ ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಸುಡು ಬಿಸಿಲು, ಸಂಜೆ ಗುಡುಗು ಸಹಿತ ಮಳೆ. ಸಿಡಿಲಿನ ಕಾಲವೂ ಅದೇ. ಸಂಜೆ ಬಯಲು ಗದ್ದೆಯಲ್ಲಿ, ಕಡಲ ದಂಡೆಯಲ್ಲಿ ಗುಡುಗು ಕೇಳಿದರೆ ಫೋಟೋ ಬಿಟ್ಟು ಸೂರಿನಡಿ ಬನ್ನಿ. ನವೆಂಬರ್ ಹಿಡಿದ ಮೇಲೆ ಘಟ್ಟದ ಮೇಲೆ ಬೆಳಗಿನ ಚಳಿ, ಇಬ್ಬನಿ ಶುರುವಾಗುತ್ತವೆ. ಘಟ್ಟದ ಕೆಳಗೆ ಆಗಲೂ ಬೆವರೇ.

ಕಾರವಾರದಲ್ಲಿ ಉಳಿಯಬೇಕೋ, ಶಿರಸಿಯಲ್ಲೋ?

ಮೀನು, ಕಡಲು, ಕೊಂಕಣಿ ಮನೆಯ ದೀಪಾವಳಿ ಬೇಕಾದರೆ ಕಾರವಾರ ಅಥವಾ ಅಂಕೋಲಾ. ಅಡಿಕೆ ತೋಟ, ಗೋಪೂಜೆ, ಭೂಮಿ ಹುಣ್ಣಿಮೆ ಬೇಕಾದರೆ ಶಿರಸಿ ಅಥವಾ ಸಿದ್ದಾಪುರ. ನಕ್ಷೆಯಲ್ಲಿ ಹತ್ತಿರ ಕಂಡರೂ ನಡುವೆ ಘಟ್ಟವಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಸುಮಾರು 60 ಕಿಲೋಮೀಟರ್, ಆದರೆ ಹೆದ್ದಾರಿಯ ಲೆಕ್ಕದಲ್ಲಿ ಸಮಯ ಹಾಕಬೇಡಿ. ಮೂರು ದಿನ ಮಾತ್ರ ಇದ್ದವರು ಒಂದು ಕಡೆಯನ್ನೇ ಆರಿಸಿ. ಎರಡನ್ನೂ ಮುಟ್ಟಿ ಹೋಗುವ ಆಸೆಯಲ್ಲಿ ಹಬ್ಬದ ಹೊತ್ತನ್ನೆಲ್ಲ ಕಾರಿನಲ್ಲಿ ಕಳೆದವರನ್ನು ತುಂಬ ನೋಡಿದ್ದೇನೆ.

ಶಿರಸಿ ಜಾತ್ರೆ, ಕರಾವಳಿ ಉತ್ಸವವೂ ಇದೇ ಸಮಯದಲ್ಲಿ ತಾನೇ?

ಅಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ. ಅಂಕೋಲೆಯ ಬಂಡಿಹಬ್ಬ ವೈಶಾಖದಲ್ಲಿ. ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಪುಷ್ಯ ಹುಣ್ಣಿಮೆಗೆ. ಕರಾವಳಿ ಉತ್ಸವವನ್ನೂ ಬನವಾಸಿಯ ಕದಂಬೋತ್ಸವವನ್ನೂ ಸರ್ಕಾರವೇ ದಿನ ಗೊತ್ತು ಮಾಡಿ ನಡೆಸುತ್ತದೆ. ಜಿಲ್ಲಾಡಳಿತದ ಪ್ರಕಟಣೆ ನೋಡದೆ ಅವುಗಳಿಗಾಗಿ ಹೊರಡಬೇಡಿ.

## ಊಟದ ಪ್ರಶ್ನೆಗಳು

ಹಬ್ಬದ ಊಟ ಹೋಟೆಲಿನಲ್ಲಿ ಸಿಗುತ್ತದೆಯೇ?

ಸಿಗುವುದು ಕಡಿಮೆ. ಹಬ್ಬದ ದಿನ ಅಡುಗೆಯವರೂ ಮನೆಗೆ ಹೋಗಿರುತ್ತಾರೆ, ಅನೇಕ ಊಟದ ಮನೆಗಳು ಬಾಗಿಲು ಹಾಕಿರುತ್ತವೆ. ಬಲಿಪಾಡ್ಯದ ಮಧ್ಯಾಹ್ನ ಹಳ್ಳಿ ರಸ್ತೆಯಲ್ಲಿ ಊಟ ಹುಡುಕುತ್ತ ಹೋದರೆ ಹಸಿದುಕೊಂಡೇ ಇರಬೇಕಾಗುತ್ತದೆ. ಹೋಮ್‌ಸ್ಟೇಯಲ್ಲಿ ಉಳಿದವರಿಗೆ ಆ ಚಿಂತೆಯಿಲ್ಲ. ಮನೆಯವರು ಉಣ್ಣುವುದನ್ನೇ ನಿಮಗೂ ಬಡಿಸುತ್ತಾರೆ. ಆದರೆ ಹಬ್ಬದ ದಿನ ಪೂಜೆಯಾಗದೆ ಎಲೆ ಹಾಕುವುದಿಲ್ಲ, ಅದು ಎರಡು ಗಂಟೆಯಾದರೂ ಆಗಬಹುದು. ಚಿಕ್ಕ ಮಕ್ಕಳಿದ್ದರೆ ಮೊದಲೇ ಹೇಳಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ನವರಾತ್ರಿಯಲ್ಲಿ, ಕಾರ್ತಿಕದಲ್ಲಿ ದೇವಸ್ಥಾನಗಳ ಅನ್ನಸಂತರ್ಪಣೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಊರಿನ ಕೈರುಚಿ ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಕಾರವಾರದ ಮನೆಗಳಲ್ಲಿ ದೀಪಾವಳಿ ಬೆಳಿಗ್ಗೆ ಬರೀ ಅವಲಕ್ಕಿ ತಿನ್ನುತ್ತಾರಂತೆ, ನಿಜವೇ?

ನಿಜ, ಆದರೆ 'ಬರೀ' ಎನ್ನಬೇಡಿ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆ ಹಚ್ಚಿ ಮಿಂದು, ತುಳಸಿ ಕಟ್ಟೆಯ ಎದುರು ಒಂದು ಪುಟ್ಟ ಕಹಿ ಕಾಯಿಯನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ಒಡೆಯುತ್ತಾರೆ. ಕೊಂಕಣಿಯವರು ಅದನ್ನು ಕಾರೀಟ ಎನ್ನುತ್ತಾರೆ, ಕನ್ನಡದವರು ಹಿಂಡಲೆಕಾಯಿ ಎನ್ನುತ್ತಾರೆ. ಒಡೆದದ್ದು ನರಕಾಸುರನನ್ನು. ಅದರ ಬೀಜವನ್ನೋ ರಸವನ್ನೋ ನಾಲಿಗೆಗೆ ಮುಟ್ಟಿಸಿಕೊಂಡು, ಆ ಕಹಿಯ ಮೇಲೆ ಸಿಹಿ ಅವಲಕ್ಕಿ ತಿನ್ನುವುದು.

ಅವಲಕ್ಕಿಯ ಬಗೆಗಳು ಮನೆಯಿಂದ ಮನೆಗೆ ಬೇರೆ: ಬೆಲ್ಲ ಮತ್ತು ಕಾಯಿತುರಿ ಕಲಸಿದ್ದು, ಹಾಲಿನದು, ಮೊಸರಿನದು, ಕಾಯಿಹಾಲಿನದು, ಸಾಸಿವೆ ಮೆಣಸಿನ ಒಗ್ಗರಣೆ ಹಾಕಿದ್ದು. ನೆಂಟರು, ನೆರೆಯವರು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ತಿನ್ನುತ್ತಾರೆ. ಹತ್ತು ಗಂಟೆಯೊಳಗೆ ನಾಲ್ಕು ಮನೆ ಸುತ್ತಿದವರಿಗೆ ಮಧ್ಯಾಹ್ನದ ಊಟ ಬೇಡವಾಗಿರುತ್ತದೆ. ಭತ್ತ ಬಂದ ಹೊಸದರಲ್ಲಿ ಅವಲಕ್ಕಿಯ ಹಬ್ಬ ಬರುವುದು ಆಕಸ್ಮಿಕವಲ್ಲ. ಹೊಸ ಬೆಳೆಯನ್ನು ಬೇಗ ಬಾಯಿಗೆ ಮುಟ್ಟಿಸಲು ಅದನ್ನು ನೆನೆಸಿ, ಹುರಿದು, ಕುಟ್ಟುವುದೇ ಹತ್ತಿರದ ದಾರಿ.

ನವರಾತ್ರಿಯಲ್ಲಿ ಬಂದರೆ ಕಾರವಾರದಲ್ಲಿ ಮೀನು ಸಿಗುವುದಿಲ್ಲವೇ?

ಸಿಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗಸ್ಟ್‌ನಲ್ಲಿ ದೋಣಿ ಇಳಿದು, ದಸರೆಯ ಹೊತ್ತಿಗೆ ಬೈತಖೋಲ್ ಬಂದರಿಗೆ ಬಂಗಡೆ, ತಾರಲೆ (ಬೂತಾಯಿ), ಶೆಟ್ಲಿ (ಸಿಗಡಿ) ಬರುತ್ತಿರುತ್ತವೆ. ಅನೇಕ ಮನೆಗಳಲ್ಲಿ ನವರಾತ್ರಿ ಮುಗಿಯುವವರೆಗೆ ಮೀನು ಬಿಡುತ್ತಾರೆ. ಹಾಗಾಗಿ ಆ ದಿನಗಳಲ್ಲಿ ಪೇಟೆಯಲ್ಲಿ ಗದ್ದಲ ಕಡಿಮೆ. ವಿಜಯದಶಮಿ ದಾಟಿದ ಮೇಲೆ ನೋಡಿ, ಮೀನುಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ತಿರಫಳ ಹಾಕಿದ ಬಂಗಡೆ ಸಾರನ್ನು ತಪ್ಪಿಸಬೇಡಿ. ತಿರಫಳ ಎಂದರೆ ಕಾಡಿನ ಮುಳ್ಳುಮರದ ಒಣಗಿದ ಕಾಯಿ. ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ. ಅರೆಯದೆ, ಜಜ್ಜಿ ಸಾರಿಗೆ ಹಾಕುತ್ತಾರೆ, ಊಟಕ್ಕೆ ಕೂತಾಗ ಬದಿಗೆ ಸರಿಸುತ್ತಾರೆ. ಕೊಬ್ಬಿರುವ ಬಂಗಡೆ, ತಾರಲೆಗಳ ವಾಸನೆಯನ್ನು ಹಿಡಿತಕ್ಕೆ ತರುವುದು ಅದೇ. ಹುಳಿಗೆ ಒಣ ಮುರುಗಲು (ಕೋಕಂ) ಸಿಪ್ಪೆ. ಸಾರು ಮರುದಿನಕ್ಕೆ ಇನ್ನೂ ಚೆನ್ನ. ಗೊತ್ತಿರುವ ಮನೆಗಳಲ್ಲಿ ಮರುದಿನಕ್ಕೆಂದೇ ಹೆಚ್ಚು ಮಾಡುತ್ತಾರೆ.

ಮೀನುಗಾರ್ತಿಯರ ಹತ್ತಿರ ಚೌಕಾಸಿ ಮಾಡಬಹುದು. ಆದರೆ ಮೀನನ್ನು ಎತ್ತಿ, ಕಿವಿರು ತೆರೆದು, ಮತ್ತೆ ಎಸೆದು ಹೋಗುವುದನ್ನು ಅವರು ಸಹಿಸುವುದಿಲ್ಲ. ಸಹಿಸಬೇಕಾಗಿಯೂ ಇಲ್ಲ.

ತೊಡೆದೇವು ಬಿಸಿಯಾಗಿ ಎಲ್ಲಿ ತಿನ್ನಬಹುದು?

ಪೊಟ್ಟಣದ ತೊಡೆದೇವು ಶಿರಸಿಯ ಅಂಗಡಿಗಳಲ್ಲಿ ವರ್ಷವಿಡೀ ಇದೆ. ಬಿಸಿಯದ್ದು ಬೇಕಾದರೆ ಕಬ್ಬು ಅರೆಯುವ ಆಲೆಮನೆಯ ಕಾಲಕ್ಕೆ, ಅಂದರೆ ಡಿಸೆಂಬರ್‌ನಿಂದ ಮುಂದಕ್ಕೆ ಬರಬೇಕು. ಶರತ್ಕಾಲದಲ್ಲಿ ಎಲ್ಲಾದರೂ ಮೇಳವೋ ಮದುವೆಯೋ ಇದ್ದು, ಬೆಲ್ಲದ ನೀರಿನಲ್ಲಿ ಮಾಡುವವರು ಸಿಕ್ಕರೆ ನಿಮ್ಮ ಅದೃಷ್ಟ.

ಮಾಡುವುದನ್ನು ನೋಡಲೆಂದೇ ನಿಲ್ಲಿ. ಒಲೆಯ ಮೇಲೆ ಒಂದು ಮಣ್ಣಿನ ಗಡಿಗೆ ಬೋರಲಾಗಿರುತ್ತದೆ. ಅಕ್ಕಿಯನ್ನು ನುಣ್ಣಗೆ ಅರೆದು ಕಬ್ಬಿನ ಹಾಲಿನಲ್ಲಿ ಕದಡಿದ ಹಿಟ್ಟು ನೀರಿನಷ್ಟೇ ತೆಳು. ಮಾಡುವವರು ಬಟ್ಟೆಯೊಂದನ್ನು ಅದರಲ್ಲಿ ಅದ್ದಿ, ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಚುಂಯ್ ಎಂಬ ಸದ್ದು, ಹಬೆ, ಅಂಚು ಬಿಡುತ್ತಿದ್ದಂತೆ ತುಪ್ಪ. ಹದ ನೋಡಿ ಎಬ್ಬಿಸಿ ಮಡಿಸುವುದು ಕ್ಷಣದ ಕೆಲಸ. ತಡವಾದರೆ ಮಡಿಕೆ ಮುರಿಯುತ್ತದೆ, ಬೇಗವಾದರೆ ಹರಿಯುತ್ತದೆ. ಕೈಗೆ ಬಂದದ್ದು ಕಾಗದದಷ್ಟು ತೆಳು, ಬಾಯಿಗಿಟ್ಟರೆ ಉಳಿಯುವುದು ಸುಟ್ಟ ಬೆಲ್ಲದ ಪರಿಮಳ ಮಾತ್ರ.

ಚಕ್ಕುಲಿ ಕಂಬಳ ಎಂದರೆ ಏನು? ಓಟದ ಕಂಬಳವೇ?

ಕೋಣಗಳ ಓಟಕ್ಕೂ ಇದಕ್ಕೂ ಸಂಬಂಧವಿಲ್ಲ. ಚೌತಿಗೆ ಮೊದಲು ಶಿರಸಿ, ಯಲ್ಲಾಪುರ ಕಡೆಯ ಹಳ್ಳಿಗಳಲ್ಲಿ ಊರವರು ಒಂದು ಮನೆಯಲ್ಲಿ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತಾರೆ. ಒರಳಿನ ಹಂಗಿಲ್ಲದೆ, ಬೆರಳ ತುದಿಯಲ್ಲಿ ಹಿಟ್ಟನ್ನು ಹೊಸೆದು ಎಳೆ ತೆಗೆದು ಸುತ್ತಬೇಕು. ಇದರಲ್ಲಿ ಗಂಡಸರ ಕೈ ಮುಂದು. ನಾಳೆ ಇನ್ನೊಬ್ಬರ ಮನೆಯಲ್ಲಿ, ನಾಡಿದ್ದು ಮತ್ತೊಬ್ಬರಲ್ಲಿ. ದಸರೆಗೆ ಬರುವವರಿಗೆ ಇದು ಕಳೆದುಹೋಗಿರುತ್ತದೆ, ಡಬ್ಬದಲ್ಲಿ ಉಳಿದ ಚಕ್ಕುಲಿ ಸಿಕ್ಕೀತು.

ಕಗ್ಗ ಅಕ್ಕಿ ಎಲ್ಲಿ ಸಿಗುತ್ತದೆ?

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರುವ ಜಾಗದ ಗಜನಿ ಗದ್ದೆಗಳ ಭತ್ತ ಅದು. ಉಬ್ಬರದಲ್ಲಿ ಉಪ್ಪುನೀರು ನುಗ್ಗಿದರೂ ಬಾಳುವ ತಳಿ. ಮಾಣಿಕಟ್ಟಾ ಕಡೆ ಇನ್ನೂ ಬೆಳೆಯುತ್ತಾರೆ. ಮಳೆ ಹಿಡಿಯುವ ಮೊದಲು ಬಿತ್ತಿ, ಶರತ್ಕಾಲದಲ್ಲಿ ಕೊಯ್ಯುತ್ತಾರೆ. ಗೊಬ್ಬರ, ಔಷಧಿ ಏನೂ ಇಲ್ಲ. ಅಕ್ಕಿ ಕೆಂಪು, ಗಂಜಿಗೆ ಹೇಳಿ ಮಾಡಿಸಿದ್ದು. ಪೇಟೆಯ ಅಂಗಡಿಯಲ್ಲಿ ಹುಡುಕುವುದಕ್ಕಿಂತ ಕೊಯ್ಲು ಮುಗಿದ ಮೇಲೆ ಆ ಊರಿಗೇ ಹೋಗಿ ಕೇಳಿ. ಗಜನಿಯ ಕಟ್ಟೆ ಒಡೆದರೆ ಇಡೀ ಊರಿನ ಬೆಳೆ ಹೋಗುತ್ತದೆ. ಹೆಚ್ಚಿನವರು ಬೇಸಾಯ ಬಿಟ್ಟು ಸಿಗಡಿ ಸಾಕಣೆಗೆ ತಿರುಗಿದ ಮೇಲೂ ಇದನ್ನು ಉಳಿಸಿಕೊಂಡವರಿಗೆ ಕೇಳಿದ ಬೆಲೆ ಕೊಡುವುದು ನ್ಯಾಯ.

## ಕುಡಿಯುವುದರ ಬಗ್ಗೆ

ಕಾರವಾರ ಗೋವಾದ ಪಕ್ಕದಲ್ಲೇ ಇದೆ. ಕ್ರಾಫ್ಟ್ ಬಿಯರ್ ಮೇಳ ಯಾಕೆ ಕಾಣುವುದಿಲ್ಲ?

ಹಬ್ಬ ಹುಟ್ಟುವುದು ಬೆಳೆಯಿಂದ. ಎಲ್ಲರೂ ಉದಾಹರಣೆ ಕೊಡುವ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಅನ್ನೇ ನೋಡಿ. ಅದರ ಮೂಲ 1810ರ ಅಕ್ಟೋಬರ್ 12ರಂದು ನಡೆದ ಬವೇರಿಯಾದ ಯುವರಾಜ ಲುಡ್ವಿಗ್‌ನ ಮದುವೆ ಮತ್ತು ಅದರ ಜೊತೆಗಿನ ಕುದುರೆ ಪಂದ್ಯ. ಆದರೆ ಬಿಯರ್ ಅಲ್ಲಿಗೆ ಬಂದದ್ದರ ಹಿಂದೆ ಋತುಮಾನದ ಲೆಕ್ಕವಿತ್ತು. ಬವೇರಿಯಾದಲ್ಲಿ 1553ರ ಒಂದು ಆಜ್ಞೆಯ ಪ್ರಕಾರ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕುದಿಸಬಹುದಿತ್ತು. ಬೇಸಿಗೆಯ ಸೆಕೆಗೆ ಅದು ಕೆಡುತ್ತಿತ್ತು, ಒಲೆಯಿಂದ ಬೆಂಕಿಯ ಭಯವೂ ಇತ್ತು. ಮಾರ್ಚ್‌ನಲ್ಲಿ ಗಟ್ಟಿಯಾಗಿ ಮಾಡಿಟ್ಟದ್ದನ್ನು ತಂಪು ನೆಲಮಾಳಿಗೆಯಲ್ಲಿಟ್ಟು, ಹೊಸ ಬಾರ್ಲಿ ಬರುವ ಶರತ್ಕಾಲದಲ್ಲಿ ಪೀಪಾಯಿ ಖಾಲಿ ಮಾಡುತ್ತಿದ್ದರು.

ನಮ್ಮಲ್ಲಿ ಬಾರ್ಲಿಯಿಲ್ಲ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯಿಲ್ಲ. ನಮ್ಮ ನೆಲದ ಮದ್ಯದ ಋತು ಗೇರುಹಣ್ಣಿನದು, ಮಾರ್ಚ್‌ನಿಂದ ಮೇವರೆಗೆ. ಗಡಿಯಾಚೆ ಗೋವಾದಲ್ಲಿ ಆಗಲೇ ಉರಾಕ್ ಇಳಿಸುತ್ತಾರೆ, ಅದನ್ನು ಮತ್ತೆ ಭಟ್ಟಿಗೆ ಹಾಕಿ ಫೆನಿ ಮಾಡುತ್ತಾರೆ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಈಚೆ ಬದಿಯಲ್ಲಿ ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು ಅಪರಾಧ. ಶರತ್ಕಾಲ ಇಲ್ಲಿ ಭತ್ತದ ಕಾಲ. ಹಾಗಾಗಿ ಹಬ್ಬವೂ ಅವಲಕ್ಕಿ, ಕಡುಬು, ಪಾಯಸದ್ದು.

ಕ್ರಾಫ್ಟ್ ಬಿಯರ್‌ಗೆಂದೇ ಬರುವವರಿಗೆ ನನ್ನ ಸಲಹೆ: ತಮ್ಮಲ್ಲೇ ಬಿಯರ್ ಮಾಡಿ ಕೊಡುವ ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲೇ ಕುಡಿದು ಬನ್ನಿ, ಇಲ್ಲವೇ ಮುಂದೆ ಗೋವಾಕ್ಕೆ ಹೋಗಿ. ಕಾರವಾರದಿಂದ ಮಡಗಾಂವ್ ಸುಮಾರು 70 ಕಿಲೋಮೀಟರ್. ವಾಹನ ಓಡಿಸುವವರು ಬೇರೆಯವರಿರಲಿ.

ಗೋವಾದಿಂದ ವಾಪಸು ಬರುವಾಗ ಒಂದೆರಡು ಬಾಟಲಿ ತರಬಹುದೇ?

ಪರ್ಮಿಟ್ ಇಲ್ಲದೆ ತರಬೇಡಿ. ಕರ್ನಾಟಕದ ಸುಂಕ ಕಟ್ಟದ ಮದ್ಯ ಇಲ್ಲಿ ಅಕ್ರಮ, ಮಾಜಾಳಿ ಗಡಿಯಲ್ಲಿ ಅಬಕಾರಿ ತಪಾಸಣೆಯಿದೆ. ಬಾಟಲಿಯ ಜೊತೆ ವಾಹನವನ್ನೂ ಮುಟ್ಟುಗೋಲು ಹಾಕುವ ಅಧಿಕಾರ ಅವರಿಗಿದೆ. ಅಕ್ಟೋಬರ್ 2 ರಾಜ್ಯದಲ್ಲಿ ಮದ್ಯ ಮಾರಾಟವಿಲ್ಲದ ದಿನ ಎಂಬುದೂ ನೆನಪಿರಲಿ. 2025ರಲ್ಲಿ ವಿಜಯದಶಮಿ ಅದೇ ದಿನ ಬಂದಿತ್ತು.

ಮದ್ಯ ಬೇಡ. ಈ ಊರಿನದೇ ಆದದ್ದು ಏನು ಕುಡಿಯಲಿ?

ಅಪ್ಪೆಹುಳಿ. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಘಟ್ಟದ ಹೊಳೆದಂಡೆಯ ಅಪ್ಪೆಮಿಡಿ ಎಂಬ ಮಾವಿನ ಮಿಡಿಯ ಪರಿಮಳಕ್ಕೆ ಸಾಟಿಯಿಲ್ಲ, ಅದಕ್ಕೂ ಭೌಗೋಳಿಕ ಗುರುತಿದೆ. ಮಿಡಿಯ ಕಾಲ ಬೇಸಿಗೆಯಾದರೂ ಉಪ್ಪಿನಲ್ಲಿಟ್ಟದ್ದು ಭರಣಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅದನ್ನು ಕಿವುಚಿ, ಬೇಕಾದಷ್ಟು ನೀರು ಸೇರಿಸಿ, ಹಸಿಮೆಣಸು, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು. ಕಾಯಿ ಇಲ್ಲ, ಬೇಳೆ ಇಲ್ಲ. ಅನ್ನಕ್ಕೆ ಕಲಸಿ ಉಂಡ ಮೇಲೆ ಲೋಟದಲ್ಲಿ ಕೇಳಿ ಕುಡಿಯುತ್ತಾರೆ. ಕುಡಿದವರಿಗೆ ಮಧ್ಯಾಹ್ನದ ನಿದ್ದೆ ಖಚಿತ. ಅಪ್ಪೆ ಇಲ್ಲದ ಮನೆಯಲ್ಲಿ ಕಂಚಿಕಾಯಿಯದ್ದು ಮಾಡುತ್ತಾರೆ, ಅದರ ರುಚಿಯೇ ಬೇರೆ.

ಘಟ್ಟದ ಕೆಳಗೆ ಸೋಲ್‌ಕಢಿ: ಒಣ ಮುರುಗಲು ಸಿಪ್ಪೆಯ ರಸಕ್ಕೆ ಕಾಯಿಹಾಲು, ಬೆಳ್ಳುಳ್ಳಿ, ಹಸಿಮೆಣಸು. ಮೀನೂಟದ ಕೊನೆಗೆ ಹೊಟ್ಟೆ ತಣಿಸುವುದು ಅದೇ. ಶಿರಸಿ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಕಷಾಯ, ಮಧ್ಯಾಹ್ನ ತಂಬುಳಿ. ತಂಬುಳಿ ಇಷ್ಟೇ ಬಗೆ ಎಂದು ಎಣಿಸಲಾಗದು. ತಿನ್ನಬಹುದಾದ ಯಾವ ಕುಡಿಯಾದರೂ ತುಪ್ಪದಲ್ಲಿ ಬಾಡಿಸಿ, ಕಾಯಿಯೊಂದಿಗೆ ಅರೆದು, ಮಜ್ಜಿಗೆಗೆ ಸೇರಿದರೆ ತಂಬುಳಿಯೇ.

ನಮ್ಮ ರೆಸಾರ್ಟಿನಲ್ಲಿ ಶರತ್ಕಾಲದ ಆಹಾರ ಮತ್ತು ಬಿಯರ್ ಮೇಳ ಮಾಡಬೇಕೆಂದಿದ್ದೇವೆ. ಏನೇನು ಬೇಕು?

ಕಾನೂನಿನದು ಮೊದಲು. ಮದ್ಯ ಕೊಡುವ ಒಂದೆರಡು ದಿನದ ಕಾರ್ಯಕ್ರಮಕ್ಕೆ ಅಬಕಾರಿ ಇಲಾಖೆಯಿಂದ ಸಿಎಲ್-5 ಸಾಂದರ್ಭಿಕ ಸನ್ನದು ಪಡೆಯಬೇಕು. ಆಹಾರ ಮಳಿಗೆಗಳಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು. ಕಡಲ ದಂಡೆಯಲ್ಲಿ ಕಟ್ಟಡ, ವೇದಿಕೆ ಹಾಕುವ ಮೊದಲು ಕರಾವಳಿ ನಿಯಂತ್ರಣ ವಲಯದ ನಿಯಮ ಕೇಳಿಕೊಳ್ಳಿ.

ಇಷ್ಟು ಕಾಗದಪತ್ರದ ಮಾತು. ಊರಿನ ಮಾತು ಬೇರೆ ಇದೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಲಕ್ಕಿ ಸಮುದಾಯದ ಹಾಡುಗಳಿಗಾಗಿ ನಾಡು ಬಲ್ಲದು, 2017ರಲ್ಲಿ ಪದ್ಮಶ್ರೀ ಬಂತು. ಅದೇ ಸುಕ್ರಜ್ಜಿ ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಸ್ವಂತ ಮನೆಯಲ್ಲೇ ಕುಡಿತದ ಸಾವು ಕಂಡಿದ್ದರು. ರಾಜ್ಯ ಸರ್ಕಾರ ಸಾರಾಯಿ ನಿಷೇಧಿಸಿದ್ದು 2007ರ ಜುಲೈ 1ರಿಂದ. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರ ಊರಿನ ಸೀಮೆಯಲ್ಲಿ ಬಿಯರ್ ಬ್ಯಾನರಿನ ಕೆಳಗೆ ಹಾಲಕ್ಕಿ ಹೆಂಗಸರನ್ನು ಹಾಡಲು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಮೇಳ ಮಾಡಿ, ಆದರೆ ಹಾಡು ಕುಣಿತಕ್ಕೆ ಬೇರೆ ಹೊತ್ತು, ಬೇರೆ ಜಾಗ ಇಡಿ. ಕರೆದ ಕಲಾವಿದರಿಗೆ ಶಾಲು ಹೊದಿಸಿ ಕಳುಹಿಸದೆ ತಕ್ಕ ಸಂಭಾವನೆ ಕೊಡಿ. ಅಡುಗೆಗೆ ಹೊರಗಿನ ಬಾಣಸಿಗರಿಗಿಂತ ಸ್ಥಳೀಯ ಸ್ವಸಹಾಯ ಸಂಘದ ಮಹಿಳೆಯರನ್ನು ಮೊದಲು ಕೇಳಿ. ಹಬ್ಬದ ದಿನಗಳಲ್ಲಿ ಅಂತೂ ಬೇಡವೇ ಬೇಡ. ದೀಪಾವಳಿ ಮತ್ತು ತುಳಸಿ ಮದುವೆಯ ನಡುವಿನ ಬಿಡುವಿನ ದಿನಗಳು ಎಲ್ಲರಿಗೂ ಅನುಕೂಲ.

## ಇನ್ನೂ ಒಳಗೆ ಬರಬೇಕೆಂದವರಿಗೆ

ಭೂಮಿ ಹುಣ್ಣಿಮೆ ನೋಡಲು ಅಪರಿಚಿತರು ಹೋಗಬಹುದೇ? ಅದರಲ್ಲಿ ಏನು ನಡೆಯುತ್ತದೆ?

ಕರೆಯಿದ್ದರೆ ಹೋಗಬಹುದು. ಹೋಗಬೇಕು ಕೂಡ. ಈ ಸೀಮೆಯ ಶರತ್ಕಾಲದ ಹಬ್ಬಗಳಲ್ಲಿ ಒಂದನ್ನು ಮಾತ್ರ ಆರಿಸು ಎಂದರೆ ನಾನು ಆರಿಸುವುದು ಇದನ್ನೇ.

ಭತ್ತದ ಗದ್ದೆ ಆಗ ತೆನೆಯೊಡೆದು ಹಾಲುಗಾಳಾಗಿರುತ್ತದೆ. ಭೂಮಿಯನ್ನು ತುಂಬು ಬಸುರಿ ಎಂದು ಬಗೆದು ಬಯಕೆಯ ಊಟ ಹಾಕುವುದು ಈ ಹಬ್ಬ. ಸಿದ್ದಾಪುರ, ಶಿರಸಿ, ಆಚೆ ಸಾಗರ ತಾಲ್ಲೂಕಿನ ದೀವರ ಸಮುದಾಯದ ಮನೆಗಳಲ್ಲಿ ಹಬ್ಬಕ್ಕೆ ಕೆಲವು ದಿನ ಮೊದಲೇ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ. ಕುಂಚ ಪುಂಡಿ ನಾರಿನದು. ನಾಲ್ಕೈದು ಎಳೆ ಮಾತ್ರ ಉಳಿಸಿದ ಆ ಕುಂಚದ ತುದಿಯಿಂದ ಗೆರೆಯ ಪಕ್ಕ ಗೆರೆ ಕೂರಿಸುತ್ತ ಹೋಗುವಾಗ ಕೈ ನಡುಗುವಂತಿಲ್ಲ. ಭತ್ತದ ಸಸಿ, ತೆನೆ, ಬಳ್ಳಿ ಎಲ್ಲ ಗೆರೆಯಲ್ಲೇ ಮೂಡುತ್ತವೆ. ಇದೇ ಭೂಮಣ್ಣಿ ಬುಟ್ಟಿ.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯ ಹೆಂಗಸರು ಮಲಗುವುದಿಲ್ಲ. ಕಡುಬು, ಬಗೆಬಗೆಯ ಪಲ್ಯ, ಪಾಯಸ ಒಂದು ಕಡೆ. ಇನ್ನೊಂದು ಕಡೆ ಕಾಡಿನ, ಹಿತ್ತಿಲಿನ ಹತ್ತಾರು ಸೊಪ್ಪು, ಹಾಗಲ, ಅಮಟೆಯಂಥ ಕಾಯಿಗಳನ್ನು ಉಪ್ಪಿಲ್ಲದೆ ಅನ್ನದೊಂದಿಗೆ ಬೇಯಿಸಿದ ಚರಗ. ಬೆಳಕು ಹರಿಯುವ ಮೊದಲೇ ಮನೆಯ ಯಜಮಾನ ಬುಟ್ಟಿ ಹೊತ್ತು, ದೊಂದಿಯ ಬೆಳಕಿನಲ್ಲಿ ಗದ್ದೆಗೆ ಹೊರಡುತ್ತಾನೆ. 'ಹಚ್ಚಂಬಲಿ, ಹಾಲಂಬಲಿ' ಎಂದು ಕೂಗುತ್ತ ಚರಗವನ್ನು ಗದ್ದೆ ತುಂಬ ಬೀರುತ್ತಾರೆ. ಪೂಜೆಯಾದ ಮೇಲೆ ಕಾಗೆಗೆ, ಇಲಿಗೆ ಕೂಡ ಎಡೆ ಇಡುತ್ತಾರೆ. ಬೆಳೆಯಲ್ಲಿ ಪಾಲು ಕೇಳುವವರಿಗೆ ಊಟದಲ್ಲಿಯೂ ಪಾಲು. ಕಡುಬೊಂದನ್ನು ಗದ್ದೆಯಲ್ಲಿ ಹೂಳುವ ಪದ್ಧತಿಯೂ ಇದೆ. ಆಮೇಲೆ ಗದ್ದೆಯ ಅಂಚಿನಲ್ಲೇ ಎಲ್ಲರ ಊಟ.

ಹೋಗುವವರು ಮುಂಚಿನ ದಿನವೇ ಆ ಮನೆ ಸೇರಿಕೊಳ್ಳಿ. ಗದ್ದೆಯ ಹಾಳಿಯ ಮೇಲೆ ಬರಿಗಾಲಲ್ಲಿ ನಡೆಯಬೇಕಾಗುತ್ತದೆ. ಬುಟ್ಟಿಯನ್ನು ಕೇಳದೆ ಮುಟ್ಟಬೇಡಿ. ಕತ್ತಲಲ್ಲಿ ಫ್ಲ್ಯಾಶ್ ಹಾಕಿ ಚಿತ್ರ ತೆಗೆಯಬೇಡಿ. ಬುಟ್ಟಿ ಚೆಂದ ಕಂಡು ಕೊಳ್ಳಬೇಕೆನಿಸಿದರೆ ಪೂಜೆಯದನ್ನು ಕೇಳದೆ, ಬೇರೆ ಬರೆದುಕೊಡಲು ಹೇಳಿ ಸರಿಯಾದ ಬೆಲೆ ಕೊಡಿ.

ದೀಪಾವಳಿಯ ರಾತ್ರಿ ಮನೆ ಮನೆಗೆ ದೀಪ ತರುವವರು ಯಾರು?

ಅಂಟಿಗೆ-ಪಂಟಿಗೆಯವರು. ಸಿದ್ದಾಪುರ, ಶಿರಸಿ ಕಡೆ ಬಿಂಗಿ ಪದ ಎಂದೂ ಹೇಳುತ್ತಾರೆ. ಬಲೀಂದ್ರನ ಜ್ಯೋತಿ ಹಚ್ಚಿಕೊಂಡು, ಪದ ಹೇಳುತ್ತ ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ಆ ದೀಪ ನಡುವೆ ಆರಬಾರದು. ಮನೆಯವರು ಎಣ್ಣೆ ಎರೆದು, ತಮ್ಮ ದೀಪಕ್ಕೆ ಬೆಳಕು ಹಿಡಿದು, ಅಕ್ಕಿ, ಕಾಯಿ, ಹಣ ಕೊಡುತ್ತಾರೆ. ನೀವು ಉಳಿದ ಮನೆಗೆ ಬಂದರೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ. ಪದ ಹೇಳುವವರಿಗೆ ದಣಿವಾಗಿರುತ್ತದೆ, ಕೇಳುವ ಕಿವಿ ಕಂಡರೆ ಇನ್ನೆರಡು ಸಾಲು ಹೆಚ್ಚಿಗೆ ಹೇಳುತ್ತಾರೆ.

ಮರುದಿನ ಬೆಳಿಗ್ಗೆ ಗೋಪೂಜೆ. ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕಟ್ಟಿ, ತಿನ್ನಿಸಿ, ದನಗಳನ್ನು ಬಿಡುತ್ತಾರೆ. ಬಿಟ್ಟ ದನದ ಕೊರಳಿನ ಸರ ಹರಿಯಲು ಹುಡುಗರ ಪೈಪೋಟಿ.

ಹೋರಿ ಬೆದರಿಸುವುದನ್ನು ಮಕ್ಕಳಿಗೆ ತೋರಿಸಬಹುದೇ?

ಚಿಕ್ಕ ಮಕ್ಕಳಿಗೆ ಬೇಡ. ಬನವಾಸಿ, ಮುಂಡಗೋಡ ಸೀಮೆಯಲ್ಲಿ ದೀಪಾವಳಿಯ ನಂತರ ಇದು ಜೋರು. ಕೊಬ್ಬರಿ ಸರ, ಬಲೂನು, ಜೂಲ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ. ಓಟದ ದಾರಿಯಲ್ಲಿ ನಿಂತವರು ಗಾಯಗೊಂಡದ್ದುಂಟು, ಸತ್ತದ್ದೂ ಉಂಟು. ಮನೆಯ ಮಾಳಿಗೆಯೋ ಎತ್ತರದ ಕಟ್ಟೆಯೋ ಸಿಕ್ಕರೆ ಮಾತ್ರ ನೋಡಿ. ಬೇಲಿಗೆ ಒರಗಿ ನಿಲ್ಲುವುದು ಸಾಲದು.

ಯಕ್ಷಗಾನ ನೋಡಬೇಕು. ಯಾವಾಗ ಶುರು?

ಮೇಳಗಳ ತಿರುಗಾಟ ಸಾಮಾನ್ಯವಾಗಿ ದೀಪಾವಳಿ ಕಳೆದ ಮೇಲೆ, ನವೆಂಬರ್‌ನಲ್ಲಿ ಆರಂಭವಾಗಿ ಮಳೆಗಾಲದವರೆಗೆ ನಡೆಯುತ್ತದೆ. ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ತವರು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇಂದಿಗೂ ಇದೆ. ಕಾರ್ತಿಕದ ದೀಪೋತ್ಸವದ ರಾತ್ರಿಗಳಲ್ಲಿ ದೇವಸ್ಥಾನದ ಬಯಲಲ್ಲಿ ನಡೆಯುವ ಆಟಕ್ಕೆ ಹೋಗಿ. ಮೊದಲ ಸಲದವರು ಕತೆಯನ್ನು ಮೊದಲೇ ಕೇಳಿ ತಿಳಿದುಕೊಂಡರೆ ಅರ್ಥಗಾರಿಕೆಯ, ಅಂದರೆ ಪಾತ್ರಗಳ ಮಾತುಗಾರಿಕೆಯ, ಸವಿ ಸಿಗುತ್ತದೆ. ನೆಲ ತಂಪಿರುತ್ತದೆ, ಕೂರಲು ಚಾಪೆ, ಹೊದೆಯಲು ಶಾಲು ಇರಲಿ.

ಗುರುತಿನವರು ತುಳಸಿ ಮದುವೆಗೆ ಮನೆಗೆ ಕರೆದಿದ್ದಾರೆ. ಏನು ತೆಗೆದುಕೊಂಡು ಹೋಗಲಿ?

ಹೂವು, ಹಣ್ಣು, ಒಂದು ಕಾಯಿ ಸಾಕು. ಕಟ್ಟೆಗೆ ಕಬ್ಬು, ಕಾಯಿ ಸಮೇತ ನೆಲ್ಲಿಯ ಟೊಂಗೆ, ಹುಣಸೆಯ ಟೊಂಗೆ ಕಟ್ಟಿರುತ್ತಾರೆ. ನಿಮ್ಮ ದಾರಿಯಲ್ಲಿ ನೆಲ್ಲಿ ಟೊಂಗೆ ಸಿಕ್ಕರೆ ತನ್ನಿ, ಪೇಟೆಯ ಮನೆಗಳಲ್ಲಿ ಅದಕ್ಕೇ ಪರದಾಟ. ಪೂಜೆ ಮುಸ್ಸಂಜೆಗೆ, ಬಲುಬೇಗ ಮುಗಿಯುತ್ತದೆ, ಆರಕ್ಕೆಂದರೆ ಆರಕ್ಕೇ ಹೋಗಿ. ಅವಲಕ್ಕಿ ಪಂಚಕಜ್ಜಾಯ ಹಂಚುವಾಗ ಬಲಗೈ ಚಾಚಿ. ಅದೇ ಸಂಜೆ ಅಕ್ಕಪಕ್ಕದ ಮನೆಯವರೂ ಕರೆಯುತ್ತಾರೆ, ಹೋಗಿ ಬನ್ನಿ. ಮರುದಿನದಿಂದ ಮದುವೆಯ ಮುಹೂರ್ತಗಳು ಶುರುವಾಗುವುದರಿಂದ ಬಸ್ಸು, ಕಾರು, ವಸತಿ ಎಲ್ಲಕ್ಕೂ ನೂಕುನುಗ್ಗಲು. ವಾಪಸು ಹೋಗುವ ಟಿಕೆಟನ್ನು ಬರುವಾಗಲೇ ಮಾಡಿಸಿಕೊಂಡಿರಿ.